ಹೆಸರುಕೋಶ: ‘ಫಿರೋಜ್’ ಚೀಟಿ ಎಲ್ಲಿಗೆ ಬಂತು

ಸ್ಥಿತಿ: ಅರ್ಥ, ಮೂಲ ಎರಡೂ ಕಾಲಂ ಭರ್ತಿ. ಕಾಗುಣಿತದ ಪಟ್ಟಿ ಮೂರನೇ ಸಲ ತಿದ್ದಿದ್ದಾಗಿದೆ. ಜನಪ್ರಿಯತೆಯ ಕಾಲಂ ಅರ್ಧಕ್ಕೇ ನಿಂತಿದೆ. ಏಕೆ ಎಂಬುದು ಕೊನೆಗೆ ಬರುತ್ತದೆ.

ಅರ್ಥ ಒಂದೇ ಮಾತಿನದು: ಗೆದ್ದವನು. ಮಗುವಿಗೆ ಹೆಸರು ಹುಡುಕುವವರ ಪುಸ್ತಕಗಳಲ್ಲಿ ಇದರ ಪಕ್ಕದಲ್ಲೇ ‘ಒಂದು ಬಗೆಯ ಹರಳು’ ಎಂದೂ ಇರುತ್ತದೆ. ಗಂಡುಮಗುವಿನ ಹೆಸರಿನ ಚೀಟಿಯಲ್ಲಿ ಅದನ್ನು ಹೊಡೆದುಹಾಕಿದ್ದೇವೆ. ಇರಾನಿನ ನೀಶಾಪುರದ ಗಣಿಗಳಿಂದ ಬರುವ ತಿಳಿನೀಲಿ ಕಲ್ಲಿಗೆ ಮಧ್ಯ ಪರ್ಷಿಯನ್‌ನಲ್ಲಿ, ಅಂದರೆ ಇಂದಿನ ಫಾರಸಿಯ ಹಿಂದಿನ ರೂಪದಲ್ಲಿ, ‘ಪೇರೋಜಗ್’ ಎನ್ನುತ್ತಿದ್ದರು. ‘ಪೇರೋಜ್’, ಅಂದರೆ ವಿಜಯಿ, ಎಂಬ ಗುಣವಾಚಕಕ್ಕೆ ಬಾಲ ಸೇರಿ ಆದ ಪದ ಅದು. ಕಲ್ಲಿಗೆ ಹೆಸರು ಬಂದದ್ದು ಗೆಲುವಿನಿಂದ, ಹುಡುಗನಿಗೆ ಹೆಸರು ಬಂದದ್ದು ಕಲ್ಲಿನಿಂದಲ್ಲ. ಹುಡುಗಿಯರ ‘ಫಿರೋಜಾ’ದ ಲೆಕ್ಕ ಬೇರೆ, ಅದು ನೇರವಾಗಿ ಕಲ್ಲೇ. ನಮ್ಮ ಆಯುರ್ವೇದದ ರಸಶಾಸ್ತ್ರದಲ್ಲಿ ಉಪರತ್ನಗಳ ಸಾಲಿನಲ್ಲಿ ಬರುವ ‘ಪೇರೋಜ’ವೂ ಇದೇ ಕಲ್ಲು. ಹಳೆಯ ಪೇ, ಹಳೆಯ ರೋ ಎರಡೂ ಅಲ್ಲಿ ಸವೆಯದೆ ಉಳಿದಿವೆ.

ಇನ್ನೂ ಹಿಂದಕ್ಕೆ ಹೋದರೆ ಪ್ರಾಚೀನ ಇರಾನೀ ಭಾಷೆಯ ‘ಪರಿ’ ಮತ್ತು ‘ಔಜಹ್’ ಎಂಬ ಎರಡು ತುಂಡುಗಳನ್ನು ವಿದ್ವಾಂಸರು ಪುನಾರಚಿಸಿದ್ದಾರೆ. ಸಂಸ್ಕೃತದ ಪರಿ, ಓಜಸ್ ಇವುಗಳ ದಾಯಾದಿಗಳು. ಎದುರಾಳಿಯನ್ನು ಸುತ್ತುವರಿದು ಮೀರುವ ಬಲ ಎಂಬ ಭಾವ. ಓಜಸ್ಸು ಕನ್ನಡಕ್ಕೆ ಹೊಸದಲ್ಲವಾದ್ದರಿಂದ ಈ ಕಾಲಂ ಬರೆಯುವುದು ಸುಲಭವಾಯಿತು. ಆದರೆ ‘ಫಿರೋಜ್ ಸಂಸ್ಕೃತದಿಂದ ಬಂತು’ ಎಂದು ಯಾರಾದರೂ ತಿದ್ದಿದರೆ ಅಳಿಸಬೇಕು. ಒಂದೇ ಅಜ್ಜಿಯ ಮೊಮ್ಮಕ್ಕಳು, ಅಷ್ಟೇ.

ಈಗ ಕಾಗುಣಿತ. ಕೆಲಸದ ಮುಕ್ಕಾಲು ಪಾಲು ಇದೇ. ಪಿರೋಜ್, ಫಿರೋಜ್, ಫಿರೂಜ್, ಪಿರೂಜ್, ಫೈರೂಜ್, ಫೆರೋಜ್ ಎಲ್ಲವನ್ನೂ ಮೊದಲು ಒಂದೇ ತಲೆಬರಹದಡಿ ಸುರಿದಿದ್ದೆವು. ತಪ್ಪಾಯಿತು. ಪ್ರತಿ ಅಕ್ಷರವೂ ಹೆಸರು ಯಾವ ದಾರಿಯಲ್ಲಿ ಬಂತೆಂದು ಹೇಳುತ್ತದೆ. ಒಟ್ಟಿಗೆ ಸೇರಿಸಿದರೆ ದಾರಿ ಅಳಿಸಿಹೋಗುತ್ತದೆ.

ಮೊದಲ ಅಕ್ಷರ ನೋಡಿ. ಅರಬ್ಬಿಯಲ್ಲಿ ಪ ಇಲ್ಲ. 7ನೇ ಶತಮಾನದಲ್ಲಿ ಅರಬರು ಇರಾನನ್ನು ಗೆದ್ದ ಮೇಲೆ ಹಲವು ಪದಗಳು ಅರಬ್ಬಿ ಬಾಯಿಗೆ ಹೋಗಿ ಫ ಹಚ್ಚಿಕೊಂಡು ಮನೆಗೆ ಮರಳಿದವು. ಪಾರ್ಸ್ ಪ್ರಾಂತ್ಯ ಫಾರ್ಸ್ ಆಯಿತು, ಪೇರೋಜ್ ಫೀರೋಜ್ ಆಯಿತು. ಹಾಗೆಂದು ಫಾರಸಿ ಪಕಾರವನ್ನು ಕಳೆದುಕೊಳ್ಳಲಿಲ್ಲ. ಅದಕ್ಕೆಂದೇ ಮೂರು ಚುಕ್ಕಿಯ ಅಕ್ಷರ ಮಾಡಿಕೊಂಡಿತು, ತಂದೆಗೆ ಇಂದಿಗೂ ‘ಪೆದರ್’ ಎನ್ನುತ್ತದೆ. ಕನ್ನಡದ ಪಾಲು ಹಾಲಾದ ಕಥೆಗೆ ಇದನ್ನು ಹೋಲಿಸುವ ಆಸೆಯಾಗುತ್ತದೆ, ಹೋಲಿಸಬಾರದು. ನಮ್ಮದು ಮನೆಯೊಳಗೇ ನಡೆದ ಬದಲಾವಣೆ, ಅವರದು ಹೊರಗೆ ಹೋಗಿಬಂದದ್ದು. ಭಾರತದ ಪಾರ್ಸಿಗಳು ಸಮುದಾಯದ ಹೆಸರಿನಲ್ಲೇ ಪ ಉಳಿಸಿಕೊಂಡವರು. ಅವರಲ್ಲಿ ಪಿರೋಜ್‌ಶಾ ಗೋದ್ರೇಜ್ ಎಂಬ ಪಕಾರವೂ ಉಂಟು, ಫಿರೋಜ್‌ಶಾ ಮೆಹ್ತಾ (1845–1915) ಎಂಬ ಫಕಾರವೂ ಉಂಟು. ಇನ್ನು ಕನ್ನಡದ ಬಾಯಲ್ಲಿ ಫ ಸಲೀಸಾಗಿ ಪ ಆಗಿಬಿಡುತ್ತದೆ. ಹಾಗಾಗಿ ಕನ್ನಡ ಕಾಗದಪತ್ರದಲ್ಲಿ ‘ಪಿರೋಜ’ ಕಂಡೊಡನೆ ‘ಪ್ರಾಚೀನ ರೂಪ’ ಎಂದು ಗುರುತು ಹಾಕಬೇಡಿ. ಅದು ಬರೆದವರ ನಾಲಗೆಯ ಗುರುತು.

ಸ್ವರಗಳೂ ಹಾಗೆಯೇ. ಇರಾನಿನಲ್ಲಿ ಹಳೆಯ ಏ, ಓ ಸ್ವರಗಳು ಕ್ರಮೇಣ ಈ, ಊ ಆದವು. ಸಿಂಹದ ಶೇರ್, ಹಾಲಿನ ಶೀರ್ ಎರಡೂ ಇಂದಿನ ಟೆಹರಾನಿನಲ್ಲಿ ಶೀರ್. ಭಾರತಕ್ಕೆ ಬಂದ ಫಾರಸಿ ಅದಕ್ಕಿಂತ ಹಳೆಯದು. ಅದಕ್ಕೇ ನಮ್ಮಲ್ಲಿ ಶೇರ್ ಶೇರಾಗಿಯೇ ಇದೆ, ನವರೋಜ್ ನೌರೂಜ್ ಆಗಿಲ್ಲ. ಫಿರೋಜ್‌ನ ಓಕಾರಕ್ಕೂ ಇದೇ ಕಾರಣ. ಇರಾನಿನವನಾದರೆ ಫಿರೂಜ್ ಅಥವಾ ಪಿರೂಜ್ ಎಂದು, ಭಾರತದವನಾದರೆ ಫಿರೋಜ್ ಎಂದು ಬರೆಯುತ್ತೇವೆ. ಫೈರೂಜ್ ಅರಬ್ಬಿ ಉಚ್ಚಾರಣೆ, ಅಲ್ಲಿ ಹೆಣ್ಣಿನ ಹೆಸರೂ ಹೌದು. ಫೆರೋಜ್ ಎಂಬುದು ಇಂಗ್ಲಿಷ್ ಕಾಗುಣಿತ ನೋಡಿ ಕನ್ನಡಕ್ಕೆ ಇಳಿಸಿದ್ದು, ಅದಕ್ಕೆ ಇತಿಹಾಸವೇನೂ ಇಲ್ಲ.

ಹಳೆಯ ರೂಪಕ್ಕೆ ಗಟ್ಟಿ ಸಾಕ್ಷಿ ನಾಣ್ಯ. ಅರಬರಿಗಿಂತ ಮುಂಚೆ ಇರಾನನ್ನು ಆಳಿದ ಸಸಾನಿ ವಂಶದ ದೊರೆ ಮೊದಲನೇ ಪೇರೋಜ್ (ಆಳ್ವಿಕೆ 459–484) ಹೊಡೆಸಿದ ಬೆಳ್ಳಿಯ ದ್ರಮ್ಮದಲ್ಲಿ ಅವನ ಮುಖದ ಮುಂದೆ ಆ ಕಾಲದ ಪಹ್ಲವಿ ಲಿಪಿಯಲ್ಲಿ ಬರಹವಿದೆ, ಹಿಂಬದಿಯಲ್ಲಿ ಅಗ್ನಿಪೀಠ, ಅದರ ಎರಡು ಪಕ್ಕ ಇಬ್ಬರು ಕಾವಲಿನವರು. ಪ-ರ-ವ-ಜ ಎಂದು ಅಕ್ಷರ ಹುಡುಕಿದರೆ ಸಿಗುವುದಿಲ್ಲ. ಬರೆದದ್ದು ಪ-ಯ-ಲ-ವ-ಚ. ರಕಾರದ ಜಾಗದಲ್ಲಿ ಲ, ಕೊನೆಯ ಧ್ವನಿಗೆ ಚ. ಉಚ್ಚಾರ ಮುಂದೆ ಹೋದರೂ ಲಿಪಿಕಾರರು ಹಳೆಯ ಬರವಣಿಗೆ ಬಿಡಲಿಲ್ಲ. ಈ ದೊರೆ ಹೆಸರಿಗೆ ವಿಜಯಿ, ಕಡೆಗೆ ಹೂಣರ ಕುಲದ ಹೆಫ್ತಾಲೈಟರ ಕೈಯಲ್ಲೇ ಸತ್ತ. ಅವನ ನಾಣ್ಯ ಮಾತ್ರ ಗೆದ್ದಿತು: ಹೂಣರ ಮೂಲಕ ಪಶ್ಚಿಮ ಭಾರತಕ್ಕೆ ಬಂದು, ನಕಲಿನ ಮೇಲೆ ನಕಲಾಗಿ, ಮುಖವೂ ಅಗ್ನಿಪೀಠವೂ ಬರೀ ಗೆರೆ-ಚುಕ್ಕಿಗಳಾಗಿ, ಗುಜರಾತ್ ರಾಜಸ್ಥಾನಗಳಲ್ಲಿ ‘ಗಧೈಯಾ’ ಎಂಬ ಹೆಸರಿನಲ್ಲಿ ಶತಮಾನಗಟ್ಟಲೆ ಓಡಾಡಿತು.

ಊರ ಹೆಸರುಗಳಿಗೆ ಬೇರೆ ಚೀಟಿ. ಇರಾನಿನ ಫಾರ್ಸ್ ಪ್ರಾಂತ್ಯದ ಫಿರೂಜಾಬಾದ್ ಮೊದಲು ‘ಗೋರ್’ ಆಗಿತ್ತು. ಹೊಸ ಫಾರಸಿಯಲ್ಲಿ ಗೋರ್ ಎಂದರೆ ಸಮಾಧಿ. ‘ದೊರೆ ಗೋರ್‌ಗೆ ಹೋದರು’ ಎಂದು ಜನ ಆಡಿಕೊಳ್ಳುವುದು ಬೇಡವೆಂದು 10ನೇ ಶತಮಾನದ ಬೂಯಿದ್ ವಂಶದ ದೊರೆ ಅದುದ್ ಅಲ್-ದೌಲಾ ಹೆಸರು ಬದಲಿಸಿದ ಎಂಬ ಕಥೆಯಿದೆ. ಗೋರಿ ಎಂಬ ಪದ ನಮ್ಮಲ್ಲೂ ಇರುವುದರಿಂದ ವಿವರಣೆ ಬೇಕಿಲ್ಲ. ಕಲಬುರಗಿಗೆ ದಕ್ಷಿಣದಲ್ಲಿ ಭೀಮಾ ದಂಡೆಯ ಫಿರೋಜಾಬಾದ್ ಬಹಮನಿ ಸುಲ್ತಾನ ಫಿರೋಜ್ ಶಾ (1397–1422) ಕಟ್ಟಿಸಿದ್ದು. ಅವನ ಗೋರಿ ಕಲಬುರಗಿಯ ಹಫ್ತ್ ಗುಂಬಜ್‌ನಲ್ಲಿದೆ. ದೆಹಲಿಯ ಕೋಟ್ಲಾ ಕೋಟೆ ತುಘಲಕ್ ವಂಶದ ಫಿರೋಜ್ ಶಾನದು (1351–1388). ‘ಫಿರೋಜ್ ಶಾ’ ಎಂದಷ್ಟೇ ಬರೆದರೆ ಇಬ್ಬರೂ ಬೆರೆತುಹೋಗುತ್ತಾರೆ, ವಂಶದ ಹೆಸರು ಕಡ್ಡಾಯ.

ಸೇರಿಸಬಾರದ್ದು: ಪರ್ವೇಜ್. ಅರ್ಥ ಅದರದ್ದೂ ವಿಜಯಿ, ಅಕ್ಷರಗಳೂ ಹತ್ತಿರ. ಆದರೆ ಅದು ‘ಅಬರ್‌ವೇಜ್’ ಎಂಬ ಬೇರೆ ಪದದಿಂದ ಬಂದದ್ದು. ಎರಡನ್ನೂ ಒಂದೇ ಬೇರಿಗೆ ಕಟ್ಟಿದ ಪಟ್ಟಿಗಳು ಬೇಕಾದಷ್ಟಿವೆ.

ಈಗ ಜನಪ್ರಿಯತೆ. ಇರಾನಿನ ಜನನ ನೋಂದಣಿ 1918ರಿಂದ, ಮನೆತನದ ಹೆಸರು ಕಡ್ಡಾಯವಾದದ್ದು 1925ರ ಕಾನೂನಿನಿಂದ. ಆಗ ಫಿರೂಜ್ ಎಂಬುದನ್ನೇ ಮನೆತನದ ಹೆಸರು ಮಾಡಿಕೊಂಡವರಿದ್ದಾರೆ. ಹಾಗಾಗಿ ಯಾವುದೇ ಪಟ್ಟಿಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಬೇರ್ಪಡಿಸದೆ ಎಣಿಸಬಾರದು. ಈಚೆಗೆ ಅಲ್ಲಿ ಮುಂದಿರುವುದು ಅಮೀರ್‌ಅಲಿ, ಮೊಹಮ್ಮದ್, ಹುಸೇನ್ ತರಹದ ಹೆಸರುಗಳು.

ಫಾರಸಿ ಪತ್ರಿಕೆಗಳಲ್ಲಿ ಹುಡುಕಿ ಎಣಿಸುವ ಪ್ರಯತ್ನ ಕೆಟ್ಟಿತು. ‘ಪಿರೂಜ್’ ಅಲ್ಲಿ ದಿನಬಳಕೆಯ ಪದ, ‘ಪಿರೂಜ್ ಶುದ್’ ಎಂದರೆ ‘ಗೆದ್ದ’. ಚುನಾವಣೆಯ ಸುದ್ದಿ, ಫುಟ್‌ಬಾಲ್ ಸುದ್ದಿ ಎಲ್ಲ ಬಲೆಗೆ ಬಿದ್ದವು. ಹೊಸವರ್ಷಕ್ಕೆ ಎಲ್ಲರೂ ಹೇಳುವುದೇ ‘ನೌರೂಜೆತಾನ್ ಪಿರೂಜ್’. ಆಗ ಕೆಂಪು ಬಟ್ಟೆ, ಮಸಿ ಬಳಿದ ಮುಖದಲ್ಲಿ ತಮಟೆ ಬಡಿಯುತ್ತ ಬರುವವನು ಹಾಜಿ ಫಿರೂಜ್. ಮೇಲಾಗಿ 2022ರಲ್ಲಿ ಹುಟ್ಟಿ 2023ರ ಫೆಬ್ರವರಿಯಲ್ಲಿ ಸತ್ತ, ಇರಾನೆಲ್ಲ ಮರುಗಿದ ಚೀತಾ ಮರಿಯ ಹೆಸರೂ ಪಿರೂಜ್.

ಇನ್ನೊಂದು ತೊಡಕು ಕಣ್ಣಿಗೆ ಕಾಣುವುದಿಲ್ಲ. ಫೆ, ಯೆ, ರೆ, ವಾವ್, ಝೆ, ಐದೇ ಅಕ್ಷರದ ಹೆಸರು. ಆದರೆ ಯೂನಿಕೋಡ್‌ನಲ್ಲಿ ಅರಬ್ಬಿಯ ಯೆ ಬೇರೆ, ಫಾರಸಿಯ ಯೆ ಬೇರೆ. ಪದದ ಕೊನೆಯಲ್ಲಿ ಬಂದರೆ ಅರಬ್ಬಿಯದಕ್ಕೆ ಚುಕ್ಕಿ ಇರುತ್ತದೆ, ಫಾರಸಿಯದಕ್ಕೆ ಇರುವುದಿಲ್ಲ. ಪದದ ನಡುವೆ ಎರಡೂ ತದ್ರೂಪು. ಒಂದರಲ್ಲಿ ಹುಡುಕಿದರೆ ಇನ್ನೊಂದರಲ್ಲಿ ಬೆರಳಚ್ಚಾದದ್ದು ಸಿಗದೇ ಇರಬಹುದು. ಎರಡರಲ್ಲೂ ಹುಡುಕಿ. ಕನ್ನಡದಲ್ಲೂ ಇದೇ ಪಾಡು: ನುಕ್ತ (ಅಕ್ಷರದ ಕೆಳಗಿನ ಚುಕ್ಕಿ) ಹಾಕಿದ ‘ಫ಼ಿರೋಜ಼್’, ಹಾಕದ ‘ಫಿರೋಜ್’ ಕಂಪ್ಯೂಟರಿಗೆ ಬೇರೆ ಬೇರೆ. ತಲೆಬರಹದಲ್ಲಿ ನುಕ್ತ ಬೇಡ, ಉಚ್ಚಾರದ ಕಾಲಂನಲ್ಲಿ ಮಾತ್ರ ಇರಲಿ.

ಕರ್ನಾಟಕದ ಎಣಿಕೆ ಆಗಿಲ್ಲ. ಜನಗಣತಿ ಹೆಸರುಗಳ ಲೆಕ್ಕ ಪ್ರಕಟಿಸುವುದಿಲ್ಲ. ಮತದಾರರ ಪಟ್ಟಿಯಲ್ಲಿ ವಯಸ್ಸಿದೆ ನಿಜ, ಆದರೆ 18 ತುಂಬದವರಿಲ್ಲ, ತಂದೆಯ ಅಥವಾ ಗಂಡನ ಹೆಸರಿನ ಜಾಗದಲ್ಲಿ ಅದೇ ಫಿರೋಜ್ ಮತ್ತೆ ಮತ್ತೆ ಬಂದು ಲೆಕ್ಕ ಉಬ್ಬುತ್ತದೆ. ಖಾಸಗಿಯವರ ವಿವರ ಕೋಶಕ್ಕೆ ಬೇಡವೂ ಬೇಡ. ಸದ್ಯಕ್ಕೆ ಅಲ್ಲಿ ಒಂದು ಅಡ್ಡಗೆರೆ ಎಳೆದು, ಪಕ್ಕದಲ್ಲಿ ಬೆಂಗಳೂರಿನಲ್ಲಿ 1939ರಲ್ಲಿ ಹುಟ್ಟಿದ ಹಿಂದಿ ಚಿತ್ರನಟ ಫಿರೋಜ್ ಖಾನ್ ಹೆಸರು ಬರೆದಿದ್ದೇವೆ.

ಮುಂದಿನ ಚೀಟಿ ಪರ್ವೇಜ್. ಅದಕ್ಕೂ ಮುಂಚೆ, ಹಳೆಯ ಪಟ್ಟಿಯಲ್ಲಿ ಒಟ್ಟಿಗೆ ಸುರಿದ ಆರು ಕಾಗುಣಿತಗಳನ್ನು ಬೇರೆ ಬೇರೆ ಸಾಲಿಗೆ ಹಾಕಿ ಮುಗಿಸಬೇಕು. ಫೈರೂಜ್ ಸಾಲು ಇನ್ನೂ ಬಾಕಿ.