ಬೆಲ್ಲ ಸರಿಯಿತ್ತು, ಬಾತ್ ಕೆಟ್ಟಿತ್ತು

ಹುಬ್ಬಳ್ಳಿಯ ನಮ್ಮ ಟೆಸ್ಟಿಂಗ್ ಲ್ಯಾಬಿಗೆ ಮೇ ತಿಂಗಳಲ್ಲಿ ಕಲಘಟಗಿ ಕಡೆಯ ವ್ಯಾಪಾರಿಯೊಬ್ಬರ ಬೆಲ್ಲ ಬಂತು. ಒಟ್ಟು ಸಕ್ಕರೆ ಶೇ 86. ಒಣ ತೂಕದ ಮೇಲೆ 90ಕ್ಕಿಂತ ಇಳಿಯುವ ಹಾಗಿಲ್ಲ.

"ಫೇಲ್ ಅಂತ ಬರದು ಕಳಸ್ರಿ, ಸಂಜಿಗೆ ರಿಪೋರ್ಟ್ ಹೋಗ್ಬೇಕು" ಅಂದರು ಮ್ಯಾನೇಜರ್.

ನನಗೂ ಮೊದಲು ಹೊಳೆದದ್ದು ಕಲಬೆರಕೆಯ ಚಾಕ್ ಪುಡಿಯೇ. ಆದರೆ ಬೂದಿ ಸರಿ, ನೀರಿನಲ್ಲಿ ಕರಗದ ಅಂಶವೂ ಸರಿ. ಮತ್ತೆ ಆ ಸಕ್ಕರೆ ಹೋದದ್ದೆಲ್ಲಿ?

ಇನ್ನೊಮ್ಮೆ ಸಕ್ಕರೆ ಅಳೆಯುವ ಟೈಟ್ರೇಷನ್‌ಗೆ ನಿಂತೆ. ತಾಮ್ರದ ಫೆಹ್ಲಿಂಗ್ ದ್ರಾವಣ ಎರಡು ನಿಮಿಷ ಕುದ್ದಿದೆ, ಮುಗಿದದ್ದು ತಿಳಿಸುವ ಬಣ್ಣ ಮಿಥಿಲೀನ್ ಬ್ಲೂ ಹಾಕಿದ್ದೇನೆ, ಉಳಿದಿರುವುದು ಒಂದೇ ನಿಮಿಷ. ಹನಿ, ಇನ್ನೊಂದು ಹನಿ, ನೀಲಿ ಹೋಗಿ ಇಟ್ಟಂಗಿ ಕೆಂಪು ಬಂತು ಅನ್ನುವಷ್ಟರಲ್ಲಿ ಕರೆಂಟ್ ಹೋಯ್ತು. ಹಾಟ್ ಪ್ಲೇಟ್ ಆರಿ ಕುದಿ ನಿಂತಿತು, ಒಳಗೆ ಗಾಳಿ ಹೊಕ್ಕಿತು, ನೀಲಿ ಮತ್ತೆ ಏರಿತು. ರೀಡಿಂಗ್ ಬರೆಯದೆ ಚೆಲ್ಲಿದೆ. ಜನರೇಟರ್ ಇದೆ, ಸಾಹೇಬರ ಕೋಣೆಯ ಎಸಿಗೆ.

ಕರೆಂಟಿಗೆ ಕಾಯುತ್ತ ಇನ್ವರ್ಷನ್ ಫ್ಲಾಸ್ಕನ್ನು, ಅಂದರೆ ಸುಕ್ರೋಸ್ ಒಡೆಯಲು ಬೆಲ್ಲದ ದ್ರಾವಣಕ್ಕೆ ಆಸಿಡ್ ಹಾಕಿ ಬಿಸಿ ಮಾಡಿದ್ದನ್ನು, ಕಿಟಕಿಗೆ ಹಿಡಿದರೆ ಕಡು ಹಳದಿ. ಆಸಿಡ್ ಹಾಕುವ ಮೊದಲು ಅದು ಹೆಚ್ಚುಕಡಿಮೆ ತಿಳಿಯಾಗಿತ್ತು. ಫ್ಲಾಸ್ಕ್ ಬಿಸಿ ಮಾಡುವ ನೀರಿನ ತೊಟ್ಟಿ, ಅಂದರೆ ವಾಟರ್ ಬಾತಿನ ಡಿಸ್‌ಪ್ಲೇ 70 ಡಿಗ್ರಿ ತೋರಿಸುತ್ತಿತ್ತು. ಪಾದರಸದ ಥರ್ಮಾಮೀಟರ್ ಇಳಿಬಿಟ್ಟರೆ 93! ಸಾಲದ್ದಕ್ಕೆ ಟ್ರೇನಿ ಹುಡುಗನನ್ನು ನಡುವೆಯೇ ಮೀಟಿಂಗ್‌ಗೆ ಕರೆದಿದ್ದರು. 15 ನಿಮಿಷದ ಇನ್ವರ್ಷನ್ ಊಟದ ಹೊತ್ತಿನ ತನಕ ಕಾದಿತ್ತು.

ಬಿಸಿ ಆಸಿಡ್‌ನಲ್ಲಿ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಬೇಕು, ನಮಗೆ ಬೇಕಾದದ್ದು ಅಷ್ಟೇ. ಅಲ್ಲಿಗೆ ಬಿಡದಿದ್ದರೆ ಫ್ರಕ್ಟೋಸ್ ಮೊದಲು ಕೆಡುತ್ತದೆ. ಮೂರು ನೀರಿನ ಅಣು ಕಳೆದುಕೊಂಡು ಎಚ್‌ಎಂಎಫ್ ಎಂಬ ಸಂಯುಕ್ತ, ಅದೂ ಮುಂದೆ ಒಡೆದು ಲೆವುಲಿನಿಕ್ ಮತ್ತು ಫಾರ್ಮಿಕ್ ಆಸಿಡ್. ಸ್ಪೆಕ್ಟ್ರೋಫೋಟೋಮೀಟರ್‌ಗೆ ಇಟ್ಟೆ, 284 ನ್ಯಾನೋಮೀಟರ್ ಹತ್ತಿರ ಎಚ್‌ಎಂಎಫ್‌ನ ಪೀಕ್ ಎದ್ದು ನಿಂತಿತು. ಲ್ಯಾಬಿನ ಶುದ್ಧ (ಎಆರ್ ಗ್ರೇಡ್) ಸುಕ್ರೋಸನ್ನೂ ಅದೇ ಬಾತಿನಲ್ಲಿ ಅಷ್ಟೇ ಹೊತ್ತು ಇಟ್ಟು ನೋಡಿದೆ. ಅದೂ ಫೇಲ್. ಬಾಟಲಿಯ ಸುಕ್ರೋಸಿಗೆ ಯಾವ ವ್ಯಾಪಾರಿ ಚಾಕ್ ಬೆರೆಸುತ್ತಾನೆ?

ಬೆಲ್ಲದ ಹೊಸ ದ್ರಾವಣಕ್ಕೆ ಆಸಿಡ್ ಹಾಕಿ, ಬಾತಿನ ಗೊಡವೆಯೇ ಬೇಡವೆಂದು ಒಂದು ಪೂರ್ತಿ ದಿನ ಬೆಂಚಿನ ಮೇಲೆ ಬಿಟ್ಟೆ. 20 ಡಿಗ್ರಿ ಮೇಲಿದ್ದರೆ 24 ಗಂಟೆಯಲ್ಲಿ ಇನ್ವರ್ಷನ್ ತಾನೇ ಮುಗಿಯುತ್ತದೆ. ಹುಬ್ಬಳ್ಳಿಯ ಮೇ ತಿಂಗಳಿಗೆ ಅದೊಂದು ಕಷ್ಟವೇ? ಮರುದಿನ ಶೇ 92 ಬಂತು.

"ಒಂದ್ ದಿನ ಲೇಟ್ ಆತಲ್ರೀ" ಅಂದರು ಮ್ಯಾನೇಜರ್. ಈಗ ಪ್ರತಿ ಬ್ಯಾಚಿಗೂ ಶುದ್ಧ ಸುಕ್ರೋಸಿನ ಒಂದು ಫ್ಲಾಸ್ಕ್ ಜೊತೆಗಿಡುತ್ತೇನೆ, ಕೆಮಿಕಲ್ ಖರ್ಚು ಜಾಸ್ತಿಯಾಯಿತೆಂದು ಬೈಸಿಕೊಳ್ಳುತ್ತೇನೆ. ಹೊಸ ಬಾತಿಗೆ ಇಂಡೆಂಟ್ ಹಾಕಿದ್ದೇನೆ. ಮೂರು ಕೊಟೇಷನ್ ತರಬೇಕಂತೆ.