ಹೊಟ್ಟೆ ಬಿಳಿ ಇದ್ದರೆ ನಮ್ಮದು

ಏಪ್ರಿಲ್ ಎರಡನೇ ವಾರ. ರಾತ್ರಿ ಹತ್ತೂವರೆ, ಮಲಗುವ ಹೊತ್ತು. ಕೋಲಾರದಲ್ಲಿ ಆಗಲೇ ಮರುದಿನ ಬೆಳಗ್ಗೆ ಎಂಟು ಗಂಟೆ. ಮಾಮನ ವಾಯ್ಸ್ ಮೆಸೇಜು ಬಂತು. ಹಿಂದೆ ಎಲ್ಲೋ ಟ್ರ್ಯಾಕ್ಟರ್ ಸದ್ದು. “ತಂತಿ ಖಾಲಿ ಕಣಮ್ಮಾ. ಮೊನ್ನೆ ಹನ್ನೊಂದಿದ್ವು, ನಿನ್ನೆ ಮೂರು. ಇವತ್ತು ಒಂದೂ ಇಲ್ಲ.” ಅಷ್ಟೇ. ಊಟ ಆಯ್ತಾ ಅಂತಲೂ ಕೇಳಲಿಲ್ಲ.

ಖಾಲಿಯಾಗಿದ್ದು ಕರೆಂಟ್ ತಂತಿ. ನರಸಾಪುರದ ಕಡೆ ನಮ್ಮಜ್ಜಿ ಊರು. ಅಲ್ಲಿ ಮಾಮನ ಟೊಮೇಟೊ ತೋಟದ ಪಕ್ಕ ಪಂಪ್‌ಸೆಟ್ಟಿಗೆ ಹೋಗುವ ತಂತಿ ಇದೆ. ಚಳಿಗಾಲ ಪೂರ್ತಿ ಅದರ ಮೇಲೆ ಸಾಲಾಗಿ ಕೂರುವ ಕವಲು ಬಾಲದ ಪುಟ್ಟ ಹಕ್ಕಿಯನ್ನು ಮಾಮ ತಂತಿ ಹಕ್ಕಿ ಅಂತಾರೆ. ಪುಸ್ತಕದಲ್ಲಿ ಕವಲುತೋಕೆ, ಅಂಬರಕೀಚುಗ ಅಂತೆಲ್ಲ ಇದೆ. ಆ ಹೆಸರು ಹೇಳಿದರೆ ನಮ್ಮೂರಲ್ಲಿ ಯಾರೂ ತಲೆ ಎತ್ತಿ ನೋಡಲ್ಲ.

ಮಾಮನಿಗೆ ಈ ಲೆಕ್ಕದ ಹುಚ್ಚು ಹತ್ತಿಸಿದವಳು ನಾನೇ. ನನಗೆ ಹತ್ತಿಸಿದ್ದು ಕೆನಡಾ.

ನಾನಿರುವುದು ಒಂಟಾರಿಯೋದ ಲೀಮಿಂಗ್ಟನ್. ಕೆನಡಾದ ಟೊಮೇಟೊ ರಾಜಧಾನಿ ಅಂತ ಈ ಊರು ತನ್ನನ್ನು ತಾನೇ ಕರೆದುಕೊಳ್ಳುತ್ತೆ. ಕಣ್ಣು ಹಾಯಿಸಿದಷ್ಟು ದೂರ ಗ್ರೀನ್‌ಹೌಸು. ಒಳಗೆ ಟೊಮೇಟೊ ಗಿಡ ದಾರ ಹಿಡಿದು ತಲೆಗಿಂತ ಎತ್ತರ ಹತ್ತಿರುತ್ತೆ. ಬೇರಿಗೆ ಮಣ್ಣಿಲ್ಲ, ತೆಂಗಿನ ನಾರಿನ ಪುಡಿ. ಯಾವ ಸಾಲಿಗೆ ಎಷ್ಟು ನೀರು, ಎಷ್ಟು ಗೊಬ್ಬರ ಅಂತ ಕಂಪ್ಯೂಟರಿನಲ್ಲಿ ನೋಡಿಕೊಳ್ಳೋದು ನನ್ನ ಕೆಲಸ. ಟೊಮೇಟೊ ಸಹವಾಸ ಬೇಡ ಅಂತ ಓದಿ ಓಡಿಹೋದವಳು ಅಲ್ಲೂ ಟೊಮೇಟೊಗೇ ಗಂಟುಬಿದ್ದಳು ಅಂತ ಅಮ್ಮ ನಗುತ್ತಾರೆ. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್ಟಿನಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿದಾಗ, “ಸುಮ್ನೆ ವಾಪಸ್ ಬಂದ್ಬಿಡು” ಅಂದಿದ್ದರು ಮಾಮ. ಆ ಬೆಲೆ ಎಷ್ಟು ದಿನ ನಿಂತಿತು ಅಂತ ನಿಮಗೇ ಗೊತ್ತು.

ಲೀಮಿಂಗ್ಟನ್ನಿನಿಂದ ಕಾರಲ್ಲಿ ಕಾಲು ಗಂಟೆ ಹೋದರೆ ಪಾಯಿಂಟ್ ಪೀಲಿ. ಈರಿ ಸರೋವರದೊಳಗೆ ಚೂಪಾಗಿ ಚಾಚಿಕೊಂಡ ಮರಳಿನ ಮೂತಿ ಅದು. ದ್ವೀಪಗಳನ್ನು ಬಿಟ್ಟರೆ ಕೆನಡಾದ ನೆಲ ದಕ್ಷಿಣಕ್ಕೆ ಮುಗಿಯುವುದು ಅಲ್ಲೇ. 1918ರಲ್ಲೇ ಅದನ್ನು ರಾಷ್ಟ್ರೀಯ ಉದ್ಯಾನ ಮಾಡಿದರು. ಹಕ್ಕಿ ನೋಡುವವರ ಒತ್ತಾಯವೂ ಅದಕ್ಕೆ ಒಂದು ಕಾರಣ.

ಯಾಕೆ ಅಷ್ಟು ಮುಖ್ಯ ಅಂದರೆ, ಹೀಗೆ ನೋಡಿ. ವಲಸೆ ಹೋಗುವ ಪುಟ್ಟ ಹಾಡುಹಕ್ಕಿಗಳು ಬಹುಪಾಲು ಹಾರುವುದು ರಾತ್ರಿ. ದಕ್ಷಿಣದಿಂದ ಬೆಚ್ಚಗಿನ ಗಾಳಿ ಬೀಸಿದ ರಾತ್ರಿ ಅಮೆರಿಕದ ಕಡೆಯಿಂದ ಒಟ್ಟೊಟ್ಟಿಗೆ ಏಳುತ್ತವೆ. ಬೆಳಗಾಗುವ ಹೊತ್ತಿಗೆ ಕೆಳಗೆ ನೋಡಿದರೆ ಬರೀ ನೀರು. ಸುಸ್ತಾದ ಹಕ್ಕಿಗೆ ಎದುರಿಗೆ ಕಾಣುವ ಮೊದಲ ನೆಲ ಈ ಮರಳಿನ ಮೂತಿ. ಬಂದದ್ದು ಬಂದಂತೆ ಇಳಿಯುತ್ತವೆ. ಆ ಬೆಳಗ್ಗೆ ಗಾಳಿ ತಿರುಗಿ ಉತ್ತರದಿಂದ ಚಳಿ ಮಳೆ ಬಂತೋ, ಮೇಲೆ ಹುಳ ಹುಪ್ಪಟೆ ಇಲ್ಲದೆ ಹಕ್ಕಿಗಳು ನೆಲಕ್ಕೇ ಇಳಿದು ಹುಡುಕುತ್ತವೆ. ಒಮ್ಮೆ ನನ್ನ ಬೂಟಿನ ಹತ್ತಿರ ಒಂದು ಬ್ಲ್ಯಾಕ್‌ಬರ್ನಿಯನ್ ವಾರ್ಬ್ಲರ್ ಕುಪ್ಪಳಿಸುತ್ತಿತ್ತು. ತೂಕ ಹತ್ತು ಗ್ರಾಂ ಇದ್ದರೆ ಹೆಚ್ಚು. ಗಂಟಲಲ್ಲಿ ಕೆಂಡ ಇಟ್ಟ ಹಾಗೆ ಕೇಸರಿ ಬಣ್ಣ. ಚಳಿಗಾಲ ಕಳೆದು ಬಂದಿದ್ದು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಿಂದ. ನಾನು ಉಸಿರು ಬಿಗಿಹಿಡಿದು ನಿಂತೆ. ಅದು ನನ್ನನ್ನು ಕಲ್ಲು ಅಂದುಕೊಂಡು ಪಕ್ಕದಿಂದಲೇ ಹೋಯಿತು.

ಮೇ ತಿಂಗಳಲ್ಲಿ ಇಲ್ಲಿಗೆ ಬರುವ ಜನವೇ ಒಂದು ನೋಟ. ಕತ್ತಲಿರುವಾಗಲೇ ಪಾರ್ಕಿಂಗ್ ತುಂಬಿರುತ್ತೆ. ಕೊರಳಲ್ಲಿ ಬೈನಾಕ್ಯುಲರ್ರು, ಕೈಯಲ್ಲಿ ಕಾಫಿ ಲೋಟ. ದಾರಿಯಲ್ಲಿ ಎದುರಾದ ಅಪರಿಚಿತರು ಗುಡ್ ಮಾರ್ನಿಂಗ್ ಹೇಳುವ ಮೊದಲೇ “ಏನಾದರೂ ಸಿಕ್ಕಿತಾ?” ಅಂತ ಕೇಳುತ್ತಾರೆ. ನಮ್ಮ ಕಡೆ ಮಳೆಗಾಲದಲ್ಲಿ “ನಿಮ್ಮ ಕಡೆ ಎಷ್ಟು ಬಿತ್ತು?” ಅಂತ ಕೇಳ್ತಾರಲ್ಲ, ಅದೇ ಕಾತರ. ಸಿಕ್ಕಿದ್ದನ್ನು ಯಾರೂ ಬಚ್ಚಿಡುವುದಿಲ್ಲ. “ಆ ತಿರುವಿನಲ್ಲಿ, ಬಿದ್ದ ಮರದ ಎಡಕ್ಕೆ, ಮೊಣಕಾಲೆತ್ತರದಲ್ಲಿ” ಅಂತ ವಿಳಾಸ ಕೊಡುತ್ತಾರೆ. ದೊಡ್ಡ ಸಂಗತಿಯಾದರೆ ಹತ್ತು ನಿಮಿಷದಲ್ಲಿ ಎಲ್ಲರ ಫೋನಿಗೂ ಸುದ್ದಿ. ಸಂಜೆ ಎಲ್ಲರೂ ತಾವು ಕಂಡ ಹಕ್ಕಿಗಳ ಪಟ್ಟಿಯನ್ನು ಈಬರ್ಡ್ ಅನ್ನೋ ಜಾಲತಾಣಕ್ಕೆ ಹಾಕುತ್ತಾರೆ. 2002ರಲ್ಲಿ ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಅನ್ನೋ ಪಕ್ಷಿ ಸಂರಕ್ಷಣಾ ಸಂಸ್ಥೆ ಸೇರಿ ಶುರುಮಾಡಿದ್ದು ಅದು. ಈಗ ನಮ್ಮ ದೇಶದಲ್ಲೂ ತುಂಬ ಜನ ಬಳಸುತ್ತಾರೆ.

ಎಲ್ಲರೂ ನನಗೆ ಇಷ್ಟ ಅಂತಲ್ಲ. ಒಂದು ಹಕ್ಕಿಯ ಹೆಸರು ಪಟ್ಟಿಗೆ ಸೇರಿದ ಕ್ಷಣದಲ್ಲೇ ಅದಕ್ಕೆ ಬೆನ್ನು ತಿರುಗಿಸುವವರನ್ನು ಕಂಡರೆ, ದೇವಸ್ಥಾನದಲ್ಲಿ ಮಂಗಳಾರತಿಗೆ ಮಾತ್ರ ಒಳಗೆ ಬರುವವರ ನೆನಪಾಗುತ್ತೆ.

ಮೊದಲ ವರ್ಷ ನಾನೂ ಒಂದು ಎಡವಟ್ಟು ಮಾಡಿದೆ. ಜೊಂಡಿನಲ್ಲಿ ಕಂದು ಗೀರುಗಳ ಹಕ್ಕಿಯೊಂದು ಕಂಡಿತು. ಗುಬ್ಬಚ್ಚಿಗಿಂತ ದಪ್ಪ. ಅಪರೂಪದ್ದೇ ಇರಬೇಕು ಅಂತ ಫೋಟೊ ತೆಗೆದು ಗುಂಪಿಗೆ ಹಾಕಿದೆ. ಎಂಬತ್ತರ ಹತ್ತಿರದ ಅಜ್ಜಿಯೊಬ್ಬರು ಮೆತ್ತಗೆ ಉತ್ತರ ಬರೆದರು: ಅದು ರೆಡ್-ವಿಂಗ್ಡ್ ಬ್ಲ್ಯಾಕ್‌ಬರ್ಡ್‌ನ ಹೆಣ್ಣು. ಮಾರ್ಚಿನಲ್ಲೇ ಬಂದು ಊರು ತುಂಬಾ ಕಿರುಚಾಡುವ ಹಕ್ಕಿ. ಗಂಡು ಕಡುಕಪ್ಪು, ಹೆಗಲಲ್ಲಿ ಕೆಂಪು ಪಟ್ಟಿ. ಹೆಣ್ಣಿಗೆ ಅದ್ಯಾವುದೂ ಇಲ್ಲ. ಹೊಸಬರೆಲ್ಲ ಅಲ್ಲೇ ಎಡವುತ್ತಾರಂತೆ. ನಾಚಿಕೆ ಆಯ್ತು. ಆದರೆ ಮರುದಿನ ಅದೇ ಅಜ್ಜಿ ತಮ್ಮ ಪಕ್ಕ ನಿಲ್ಲಿಸಿಕೊಂಡು ಅರ್ಧ ಗಂಟೆ ಪಾಠ ಮಾಡಿದರು.

ಎಲ್ಲವನ್ನೂ ಹಂಚಿಕೊಳ್ಳುವ ಈ ಜನ ಒಂದು ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ಗೂಬೆ. ಗೂಬೆ ಕೂತ ಮರ ಯಾವುದು ಅಂತ ಕೇಳಿದರೆ ಮಾತು ಬದಲಿಸುತ್ತಾರೆ. ಹಗಲು ನಿದ್ದೆ ಮಾಡುವ ಹಕ್ಕಿಯ ಕೆಳಗೆ ಐವತ್ತು ಕ್ಯಾಮೆರಾ ನಿಂತರೆ ಅದು ಜಾಗ ಬಿಡುತ್ತೆ ಅನ್ನೋ ಕಾರಣಕ್ಕೆ. ಇದನ್ನು ಮಾಮನಿಗೆ ವಿವರಿಸಿ ಹೇಳಬೇಕು ಅಂತ ಫೋನ್ ಮಾಡಿದೆ. ಅವರು ಅರ್ಧದಲ್ಲೇ ತಡೆದರು. “ನಮ್ಮ ಗುಡ್ಡದ ಬಂಡೆ ಸಂದೀಲಿ ಕೊಂಬಿನ ಗೂಬೆ ಇದೆಯಲ್ಲ, ಅದು ಯಾವ ಬಂಡೆ ಅಂತ ನಾನು ನಿಮ್ಮತ್ತೆಗೂ ಹೇಳಿಲ್ಲ.” ದೀಪಾವಳಿ ಹತ್ತಿರ ಬಂದರೆ ಮಾಟ ಮಂತ್ರಕ್ಕೆ ಅಂತ ಗೂಬೆ ಹಿಡಿಯುವವರು ಓಡಾಡುತ್ತಾರೆ. ಊರಿನವರಿಗೆ ಅದು ಗೊತ್ತು. ಇಲ್ಲಿಯವರಿಗೆ ಕ್ಯಾಮೆರಾ ಭಯ, ಅಲ್ಲಿಯವರಿಗೆ ಬಲೆಯ ಭಯ.

ಮಾಮ ಬಾತುಗಳನ್ನು ನೋಡಲು ಶುರುಮಾಡಿದ್ದು ಇನ್ನೊಂದು ಕಥೆ. ನಾನು ಚಿಕ್ಕವಳಿದ್ದಾಗ ನಮ್ಮ ಕಡೆ ಕೆರೆ ಅಂದರೆ ಜಾಲಿ ಗಿಡ ಬೆಳೆದ ಬಯಲು. ಕ್ರಿಕೆಟ್ ಆಡುವ ಜಾಗ. ಬೋರು ಸಾವಿರ ಅಡಿ ದಾಟಿದರೂ ಧೂಳೇ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಬಂತು. ಬೆಂಗಳೂರಿನ ಚರಂಡಿ ನೀರನ್ನು ಶುದ್ಧಮಾಡಿ ಪೈಪಿನಲ್ಲಿ ತಂದು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು. ಅಲ್ಲಿಂದ ಕೆರೆಯಿಂದ ಕೆರೆಗೆ. ಅದೇ ವರ್ಷ ನೊರೆ ಎದ್ದಿದ್ದು, ಕೋರ್ಟಿಗೆ ಹೋಗಿದ್ದು ನಿಮಗೆ ನೆನಪಿರಬಹುದು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಅನ್ನೋ ಜಗಳ ಮುಗಿದಿಲ್ಲ. ಆ ಜಗಳ ನ್ಯಾಯವಾದದ್ದೇ, ಅದು ನಾಳೆ ನಮ್ಮ ಬಾವಿಗೆ ಇಳಿಯುವ ನೀರು. ಆದರೆ ಹಕ್ಕಿಗಳು ಕೋರ್ಟಿನ ತೀರ್ಪಿಗೆ ಕಾಯಲಿಲ್ಲ.

“ಒಂದು ಬಾತು ಬಂದಿದೆ, ಕೊಕ್ಕು ಸಲಿಕೆ ಥರ ಇದೆ. ಹಿಂಡಾಗಿ ಗಾಣದೆತ್ತಿನ ಥರ ಸುತ್ತು ಹೊಡೀತಾವೆ” ಅಂತ ಒಂದು ಜನವರಿಯಲ್ಲಿ ಮಾಮ ಹೇಳಿದರು. ನಾನು ಕೂತಲ್ಲೇ ಎದ್ದು ನಿಂತೆ. ಅದು ನಾರ್ದರ್ನ್ ಶವೆಲರ್. ಇಲ್ಲಿನ ಜವುಗಿನಲ್ಲೂ ಅದೇ ಜಾತಿ, ಅದೇ ಸಲಿಕೆ ಮೂತಿ, ಅದೇ ಸುತ್ತು. ನೀರು ಕಲಕಿ ಮೇಲೆ ಬಂದ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಉಪಾಯ ಅದು. ಕೋಲಾರದ್ದು ಬೇಸಿಗೆಗೆ ಹಿಮಾಲಯ ದಾಟಿ ಏಷ್ಯಾದ ಉತ್ತರಕ್ಕೆ ಹೋಗುತ್ತೆ. ಇಲ್ಲಿನದು ಚಳಿಗಾಲಕ್ಕೆ ಅಮೆರಿಕದ ದಕ್ಷಿಣಕ್ಕೆ, ಮೆಕ್ಸಿಕೋಗೆ. ಇನ್ನೊಂದು ತಮಾಷೆ. ಒಂಟಾರಿಯೋದ ಹಕ್ಕಿ ಜನಕ್ಕೂ ಊರಿನ ಚರಂಡಿ ನೀರಿನ ಹೊಂಡಗಳೆಂದರೆ ಪಂಚಪ್ರಾಣ. ಬಾತು, ಗೊರವ ಎಲ್ಲ ಅಲ್ಲೇ ಸೇರುತ್ತವೆ. ಮೂಗು ಮುಚ್ಚಿಕೊಂಡು ದೂರದರ್ಶಕ ಹಿಡಿದು ನಿಂತಿರುತ್ತಾರೆ. ಇದನ್ನು ಕೇಳಿ ಮಾಮನಿಗೆ ಬಹಳ ಸಮಾಧಾನ ಆಯಿತು.

ಈಗ ನಮ್ಮ ಗ್ರೀನ್‌ಹೌಸಿನ ಒಬ್ಬರ ವಿಷಯ ಹೇಳಬೇಕು. ಇಲ್ಲಿ ಹಣ್ಣು ಕೀಳುವ, ಗಿಡ ಕಟ್ಟುವ ಕೆಲಸಕ್ಕೆ ಮೆಕ್ಸಿಕೋ, ಜಮೈಕಾ ಕಡೆಯಿಂದ ಪ್ರತಿವರ್ಷ ಜನ ಬರುತ್ತಾರೆ. 1966ರಲ್ಲಿ ಜಮೈಕಾದವರಿಂದ ಶುರುವಾದ ವ್ಯವಸ್ಥೆ, 1974ರಿಂದ ಮೆಕ್ಸಿಕೋದವರೂ ಸೇರಿದರು. ವರ್ಷಕ್ಕೆ ಹೆಚ್ಚೆಂದರೆ ಎಂಟು ತಿಂಗಳು. ಡಿಸೆಂಬರ್ ಮಧ್ಯದೊಳಗೆ ವಾಪಸ್ ಹೋಗಲೇಬೇಕು. ಹದಿನೈದು ವರ್ಷದಿಂದ ಹೀಗೆ ಬಂದು ಹೋಗುವ ಒಬ್ಬರು ನಮ್ಮಲ್ಲಿದ್ದಾರೆ. ನನಗೆ ಸ್ಪ್ಯಾನಿಷ್ ಬರಲ್ಲ, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮಾತೆಲ್ಲ ಕೈಸನ್ನೆ ಮತ್ತು ಫೋನಿನ ಅನುವಾದದಲ್ಲಿ.

ಕಳೆದ ಮೇನಲ್ಲಿ ಊಟದ ಹೊತ್ತಿಗೆ ಹೊರಗಿನ ಮರಕ್ಕೆ ಒಂದು ಬಾಲ್ಟಿಮೋರ್ ಓರಿಯೋಲ್ ಬಂತು. ಕಿತ್ತಳೆ ಮತ್ತು ಕಪ್ಪು. ನಮ್ಮ ಹೊನ್ನಕ್ಕಿಯನ್ನೂ ಇಂಗ್ಲಿಷಿನಲ್ಲಿ ಓರಿಯೋಲ್ ಅಂತಾರೆ, ಆದರೆ ಎರಡಕ್ಕೂ ನೆಂಟಸ್ತಿಕೆ ಇಲ್ಲ. ನಾನು ಸಡಗರದಿಂದ ಫೋನ್ ತೆಗೆದು ಬರೆದುಕೊಂಡೆ, ಈ ವರ್ಷದ ಮೊದಲನೆಯದು ಅಂತ. ಅವರು ಬಗ್ಗಿ ನೋಡಿ ನಕ್ಕರು. ಎದೆ ಮುಟ್ಟಿಕೊಂಡು ದಕ್ಷಿಣದ ಕಡೆ ಕೈ ತೋರಿಸಿದರು. ಇದು ನಮ್ಮನೆ ಹಕ್ಕಿ ಅಂತ. ಅವರ ಊರಲ್ಲಿ ಕಾಫಿ ಗಿಡಕ್ಕೆ ನೆರಳು ಕೊಡುವ ಮರಗಳಲ್ಲಿ ಜನವರಿಯಲ್ಲಿ ಇದು ಇರುತ್ತಂತೆ. ಮಗಳಿಗೆ ಇದರ ಸದ್ದು ಗೊತ್ತಂತೆ.

ಆ ರಾತ್ರಿ ನಾನು ಲೆಕ್ಕ ಹಾಕಿದೆ. ಓರಿಯೋಲ್ ಮೇ ಮೊದಲ ವಾರ ಬಂದು ಆಗಸ್ಟ್ ಕೊನೆಗೆ ಹೊರಡಲು ಶುರುಮಾಡುತ್ತೆ. ಅಂದರೆ ಇಲ್ಲಿ ನಾಲ್ಕು ತಿಂಗಳು, ಉಳಿದ ಎಂಟು ದಾರಿ ಮತ್ತು ದಕ್ಷಿಣ. ಆ ಮನುಷ್ಯರದ್ದು ತಿರುವುಮುರುವು. ಎಂಟು ಇಲ್ಲಿ, ನಾಲ್ಕು ಅಲ್ಲಿ. ನಮ್ಮ ಪಟ್ಟಿಗಳಲ್ಲಿ ಮಾತ್ರ ಓರಿಯೋಲ್ ಇಲ್ಲಿಯದು, “ಮರಳಿ ಬಂತು” ಅಂತ ಬರೆಯುತ್ತೇವೆ. ಎಂಟು ತಿಂಗಳು ಇಲ್ಲಿರುವವರಿಗೆ ಕಾಗದದಲ್ಲಿ ತಾತ್ಕಾಲಿಕ ಅಂತ ಹೆಸರು.

ಮಾಮನಿಗೆ ಇದನ್ನು ಹೇಳಿದೆ. ಅವರು ಒಳಗೆ ಹೋಗಿ ಗೋಡೆಯ ಕ್ಯಾಲೆಂಡರ್ ತಂದರು. ಔಷಧಿ ಹೊಡೆದ ದಿನ, ಹಾಲಿನ ಲೆಕ್ಕ, ಅದರ ನಡುವೆ ಪೆನ್ಸಿಲಿನಲ್ಲಿ ಸಣ್ಣ ಗೀಟುಗಳು. ತಂತಿ ಹಕ್ಕಿ ಮೊದಲು ಕಂಡಿದ್ದು ಸೆಪ್ಟೆಂಬರ್ 14. ಬಂದ ದಿನ ಬರೆಯೋದು ಸುಲಭ, ಕಂಡ ಕೂಡಲೇ ಗೊತ್ತಾಗುತ್ತೆ. ಹೋಗುವ ದಿನಕ್ಕೆ ಅವು ಹೇಳಿ ಹೋಗಲ್ಲ. ಅದಕ್ಕೆ ಮಾರ್ಚ್ ಮುಗಿಯುತ್ತಲೇ ಮಾಮ ದಿನಾ ಬೆಳಗ್ಗೆ ಎಣಿಸಿ ಗೀಟು ಹಾಕುತ್ತಾ ಹೋಗಿದ್ದರು. ಗೀಟು ನಿಂತಿದ್ದು ಏಪ್ರಿಲ್ 9ಕ್ಕೆ. “ಏಳು ತಿಂಗಳಾಯ್ತು ನೋಡು. ಇಷ್ಟು ದಿನ ಮನೇಲಿದ್ದೋರನ್ನ ಯಾರಾದ್ರೂ ನೆಂಟರು ಅಂತಾರಾ? ಮತ್ಯಾಕೆ ಪೇಪರ್‌ನೋರು ವಿದೇಶಿ ಅತಿಥಿ ಅಂತ ಬರೀತಾರೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಏಪ್ರಿಲ್‌ನಲ್ಲಿ ಮಾಮನ ತಂತಿ ಖಾಲಿಯಾದ ಎರಡು ವಾರಕ್ಕೆ ನಮ್ಮ ಪ್ಯಾಕಿಂಗ್ ಶೆಡ್ಡಿನ ಮೇಲೆ ಅದೇ ಕವಲು ಬಾಲ ಕಂಡಿತು. ಬಾರ್ನ್ ಸ್ವಾಲೋ. ಒಂದು ಕ್ಷಣ ಮನಸ್ಸು ಮೋಸ ಮಾಡಿತು: ಅಲ್ಲಿಂದ ಹೊರಟಿದ್ದೇ ಇಲ್ಲಿಗೆ ಬಂತೇನೋ! ಬುದ್ಧಿಗೆ ಗೊತ್ತು, ಇವು ಬಂದಿದ್ದು ದಕ್ಷಿಣ ಅಮೆರಿಕದ ಕಡೆಯಿಂದ. ಆದರೂ ಫೋಟೊ ತೆಗೆದು ಮಾಮನಿಗೆ ಕಳಿಸಿದೆ, ಏನೂ ಬರೆಯದೆ. ಸುಮ್ನೆ ಕೆಣಕೋಣ ಅಂತ.

ಐದು ನಿಮಿಷಕ್ಕೆ ವಾಯ್ಸ್ ಮೆಸೇಜು. “ಇದು ನಮ್ಮದಲ್ಲಮ್ಮ. ಬಾಲ ನಮ್ಮದೇ. ಗಂಟಲ ಕೆಂಪೂ ನಮ್ಮದೇ. ಆದ್ರೆ ಹೊಟ್ಟೆ ನೋಡು, ಇಟ್ಟಿಗೆ ಪುಡಿ ಬಳಿದ ಹಾಗಿದೆ. ನಮ್ಮದಕ್ಕೆ ಹೊಟ್ಟೆ ಬಿಳಿ.”

ಪುಸ್ತಕ ತೆಗೆದು ನೋಡಿದೆ. ಹೌದು. ಜಾತಿ ಒಂದೇ, ಉಪಜಾತಿ ಬೇರೆ. ಉತ್ತರ ಅಮೆರಿಕದ್ದಕ್ಕೆ ಹೊಟ್ಟೆ ಕೆಂಗಂದು, ನಮ್ಮ ಬಯಲುಸೀಮೆಗೆ ಬರುವುದಕ್ಕೆ ಸಾಮಾನ್ಯವಾಗಿ ಬಿಳಿಚು. ಇಷ್ಟು ವರ್ಷ ಎರಡನ್ನೂ ನೋಡಿದವಳು ನಾನು. ಕಣ್ಣಿಗೆ ಬಿದ್ದದ್ದು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮಾಮನಿಗೆ. ಪೀಲಿಯ ಆ ಅಜ್ಜಿಗೆ ಇದನ್ನು ಹೇಳಿದರೆ, “ನಿನ್ನ ಮಾಮನನ್ನು ಒಮ್ಮೆ ಮೇನಲ್ಲಿ ಕರ್ಕೊಂಡು ಬಾ” ಅಂದರು. ವೀಸಾ, ಟಿಕೆಟ್ಟು ಇರಲಿ, ಮೇ ಅಂದರೆ ಮಾಮನಿಗೆ ಕೊಯ್ಲು. ಬರಲ್ಲ.

ಇವತ್ತು ಮಧ್ಯಾಹ್ನ ಗಾಳಿ ತಿರುಗಿ ದಕ್ಷಿಣದಿಂದ ಬೀಸುತ್ತಿದೆ. ರಾತ್ರಿಯಿಡೀ ಹಾಗೇ ಇರುತ್ತಂತೆ, ಬೆಳಗ್ಗೆ ಮಳೆ. ಫೋನು ಆಗಲೇ ಟಿಣ್ ಟಿಣ್ ಅಂತಿದೆ, ಯಾರ ಕಾರಲ್ಲಿ ಯಾರು ಅಂತ. ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿ ಇಟ್ಟಿದ್ದೇನೆ. ನಾಲ್ಕೂವರೆಗೆ ಹೊರಡಬೇಕು. ಮಾಮನ ಆರ್ಡರ್ ಬೇರೆ ಬಂದಿದೆ: “ಏನೇ ಕಂಡ್ರೂ ಹೊಟ್ಟೆ ಕಾಣೋ ಹಾಗೆ ತೆಗಿ. ಬೆನ್ನು ತೆಗೆದು ಕಳಿಸಬೇಡ.”