ಶಿಕ್ಷಕರ ಕಂಪ್ಯೂಟರ್ ತರಬೇತಿ ಎಲ್ಲಿಂದ ಶುರುವಾಗಬೇಕು

ಶಿಕ್ಷಕರಿಗಾಗಿ ನಡೆಯುವ ಕಂಪ್ಯೂಟರ್ ತರಬೇತಿ ಶಿಬಿರಗಳ ವೇಳಾಪಟ್ಟಿಗಳು ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ. ಮೊದಲು ಕಂಪ್ಯೂಟರಿನ ಭಾಗಗಳ ಪರಿಚಯ ಮತ್ತು ಟೈಪಿಂಗ್, ಆಮೇಲೆ ಸ್ಲೈಡುಗಳ ತಯಾರಿ ಮತ್ತು ಅಂಕಪಟ್ಟಿ, ಬಳಿಕ ಇಂಟರ್ನೆಟ್ ಮತ್ತು ಇ-ಮೇಲ್, ಕೊನೆಯಲ್ಲಿ ಅಭಿಪ್ರಾಯ ಪತ್ರ ಹಾಗೂ ಪ್ರಮಾಣಪತ್ರ ವಿತರಣೆ. ಇವುಗಳಲ್ಲಿ ಯಾವುದನ್ನೂ ನಿರುಪಯುಕ್ತವೆಂದು ನಾನು ಹೇಳುವುದಿಲ್ಲ. ಆದರೆ ಇಡೀ ಪಟ್ಟಿಯನ್ನು ಹುಡುಕಿದರೂ ಒಂದೇ ಒಂದು ಪಾಠದ ಹೆಸರು ಸಿಗುವುದಿಲ್ಲ, ಮಕ್ಕಳು ವರ್ಷವರ್ಷವೂ ಎಡವುವ ಒಂದೇ ಒಂದು ಪರಿಕಲ್ಪನೆಯ ಪ್ರಸ್ತಾಪವೂ ಬರುವುದಿಲ್ಲ. ಯಾವುದೇ ಕಚೇರಿಯ ಸಿಬ್ಬಂದಿಗೆ ಇದೇ ಪಟ್ಟಿಯನ್ನು ಒಂದಕ್ಷರವೂ ಬದಲಿಸದೆ ಕೊಡಬಹುದು. ಶಿಬಿರ ಮುಗಿಸಿ ಮರಳಿದ ಶಿಕ್ಷಕಿ ಮರುದಿನ ತರಗತಿಯ ಬಾಗಿಲು ದಾಟಿದ ಮೇಲೆ ಏನು ಮಾಡಬೇಕೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಶಿಕ್ಷಕರ ಜೊತೆ ಕೆಲಸ ಮಾಡುತ್ತಾ ನನ್ನಲ್ಲಿ ಬಲವಾಗಿ ಬೇರೂರಿರುವ ಅಭಿಪ್ರಾಯ ಒಂದಿದೆ. ಇಂಥ ತರಬೇತಿ ಆ ಶಿಕ್ಷಕರು ಬೋಧಿಸುವ ವಿಷಯದ ಒಂದು ಕಗ್ಗಂಟಿನಿಂದ ಆರಂಭವಾಗಬೇಕು, ಮತ್ತು ಶಿಬಿರ ಮುಗಿದ ಮೇಲೂ ಅವರ ತರಗತಿಯೊಳಗೆ ಮುಂದುವರಿಯಬೇಕು. ಇದು ಸರಳವಾದ ಮಾತಿನಂತೆ ಕೇಳಿಸಬಹುದಾದ್ದರಿಂದ ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ವಿದ್ಯುತ್ ಮಂಡಲದ ಪಾಠವನ್ನು ತೆಗೆದುಕೊಳ್ಳೋಣ. ಒಂದು ಬ್ಯಾಟರಿಗೆ ಒಂದೇ ಬಗೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ ಎಂದು ಕೇಳಿದಾಗ, ಬಹಳಷ್ಟು ಮಕ್ಕಳು ಮೊದಲನೆಯದು ಎನ್ನುತ್ತಾರೆ. ವಿದ್ಯುತ್ ಪ್ರವಾಹವನ್ನು ಮೊದಲನೆಯ ಬಲ್ಬು ಒಂದಿಷ್ಟು ಬಳಸಿಕೊಂಡುಬಿಡುತ್ತದೆ, ಎರಡನೆಯದಕ್ಕೆ ಉಳಿದದ್ದು ಮಾತ್ರ ಸಿಗುತ್ತದೆ ಎಂಬುದು ಅವರ ತರ್ಕ. ಭೌತಶಾಸ್ತ್ರದ ಬೋಧನೆಯನ್ನು ಅಧ್ಯಯನ ಮಾಡಿದವರು ಅನೇಕ ದೇಶಗಳಲ್ಲಿ ದಾಖಲಿಸಿರುವ ತಪ್ಪು ಗ್ರಹಿಕೆ ಇದು. ಪ್ರಯೋಗ ಮಾಡಿ ತೋರಿಸಿದರೆ ಸಾಲದೇ ಎಂದರೆ ಅಲ್ಲೊಂದು ತೊಡಕಿದೆ: ನಿಜವಾದ ಬಲ್ಬುಗಳು ಎಂದಿಗೂ ಪೂರ್ತಿ ಒಂದೇ ರೀತಿ ಇರುವುದಿಲ್ಲ. ಒಂದು ತುಸು ಮಂಕಾಗಿ ಕಂಡರೆ ಸಾಕು, ಮಗುವಿನ ತಪ್ಪು ತರ್ಕಕ್ಕೆ ಪ್ರಯೋಗವೇ ಸಾಕ್ಷಿ ನುಡಿದಂತಾಗುತ್ತದೆ. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ ಅವರು 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ, ಪ್ರಯೋಗಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಮಾಡಿ ನೋಡಲು ಬಿಡುವ ಫೆಟ್ ಸಿಮ್ಯುಲೇಶನ್‌ಗಳಲ್ಲಿ ಇದೇ ಮಂಡಲವನ್ನು ಕಟ್ಟಿ, ಎರಡು ಬಲ್ಬುಗಳ ನಡುವೆಯೂ ಆಚೆಈಚೆಯೂ ಪ್ರವಾಹವನ್ನು ಅಳೆಯುವ ಅಮ್ಮೀಟರ್ ಇಟ್ಟು ನೋಡಿದರೆ ಎಲ್ಲ ಕಡೆಯೂ ಒಂದೇ ಅಳತೆ ಕಾಣುತ್ತದೆ. ಸ್ವಿಚ್ ಒತ್ತಿದೊಡನೆ ತಂತಿಯ ಉದ್ದಕ್ಕೂ ಇರುವ ಕಣಗಳೆಲ್ಲ ಒಟ್ಟಿಗೆ ಚಲಿಸತೊಡಗುವುದೂ ಕಾಣುತ್ತದೆ. ಇಲ್ಲಿ ತಂತ್ರಜ್ಞಾನಕ್ಕೆ ಒಂದು ನಿರ್ದಿಷ್ಟ ಕೆಲಸ ಇದೆ, ಆ ಕೆಲಸವನ್ನು ಕಪ್ಪುಹಲಗೆ ಮಾಡಲಾರದು.

ಆದರೆ ಅದೇ ಚಿತ್ರ ಇನ್ನೊಂದು ತಪ್ಪು ಗ್ರಹಿಕೆಯನ್ನು ಹುಟ್ಟಿಸಬಲ್ಲದು. ಎಲೆಕ್ಟ್ರಾನುಗಳೆಂದರೆ ಕೊಳವೆಯೊಳಗೆ ಸಾಲಾಗಿ ಉರುಳುವ ಪುಟ್ಟ ನೀಲಿ ಗೋಲಿಗಳು ಎಂದು ಮಗು ಮನಸ್ಸಿನಲ್ಲಿ ಗಟ್ಟಿಮಾಡಿಕೊಳ್ಳಬಹುದು. ಆದ್ದರಿಂದ ಯಾವ ಗಳಿಗೆಯಲ್ಲಿ ಪರದೆಯನ್ನು ನಿಲ್ಲಿಸಬೇಕು, ತೋರಿಸುವ ಮೊದಲು ಯಾವ ಪ್ರಶ್ನೆ ಕೇಳಬೇಕು, ಚಿತ್ರದಲ್ಲಿ ಯಾವುದು ನಿಜ ಮತ್ತು ಯಾವುದು ಅನುಕೂಲಕ್ಕಾಗಿ ಮಾಡಿಕೊಂಡ ಕಲ್ಪನೆ ಎಂಬುದನ್ನು ಹೇಗೆ ಬಿಡಿಸಿ ಹೇಳಬೇಕು ಎಂಬ ಚರ್ಚೆ ನಡೆಯಬೇಕಾದದ್ದು ತರಬೇತಿಯಲ್ಲಿ. ಸಿಮ್ಯುಲೇಶನ್ ತೆರೆಯುವ ವಿಧಾನವನ್ನು ಕಲಿಯಲು ಕೆಲವೇ ನಿಮಿಷ ಸಾಕು. ಈ ಚರ್ಚೆಗಾದರೆ ಅರ್ಧ ದಿನವೂ ಸಾಲದು.

ಈ ವಿಚಾರಕ್ಕೆ ಶಿಕ್ಷಣ ಸಂಶೋಧನೆಯಲ್ಲಿ ಗಟ್ಟಿಯಾದ ತಳಹದಿ ಇದೆ. ವಿಷಯ ಬಲ್ಲವರೆಲ್ಲ ಅದನ್ನು ಕಲಿಸಬಲ್ಲವರಾಗುವುದಿಲ್ಲ, ಒಂದು ವಿಷಯವನ್ನು ಕಲಿಯುವವರಿಗೆ ತಿಳಿಯುವಂತೆ ಮರುರೂಪಿಸುವುದೇ ಶಿಕ್ಷಕರ ವಿಶಿಷ್ಟ ಜ್ಞಾನ ಎಂದು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ವಾದಿಸಿದರು. ಇಪ್ಪತ್ತು ವರ್ಷಗಳ ನಂತರ, 2006ರಲ್ಲಿ, ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ ಆ ವಾದಕ್ಕೆ ತಂತ್ರಜ್ಞಾನವನ್ನು ಸೇರಿಸಿ ಟಿಪ್ಯಾಕ್ ಎಂದು ಹೆಸರಾದ ಚೌಕಟ್ಟನ್ನು ರೂಪಿಸಿದರು. ವಿಷಯ, ಬೋಧನೆ, ತಂತ್ರಜ್ಞಾನ ಈ ಮೂರರ ಅರಿವು ಬೇರೆಬೇರೆಯಾಗಿ ಇದ್ದರೆ ಸಾಲದು, ಅವು ಒಂದರೊಳಗೊಂದು ಬೆರೆಯುವ ಜಾಗವೇ ಮುಖ್ಯ ಎಂಬುದು ಅದರ ತಿರುಳು. ಶಿಕ್ಷಕ ತರಬೇತುದಾರರು ಈ ಚೌಕಟ್ಟಿನ ಮೂರು ವೃತ್ತಗಳ ಚಿತ್ರವನ್ನು ತಮ್ಮ ಸ್ಲೈಡುಗಳಲ್ಲಿ ಆಗಾಗ ತೋರಿಸುತ್ತಾರೆ. ಅದನ್ನು ತೋರಿಸಿದ ಮರುಗಳಿಗೆಯಲ್ಲೇ ಎಲ್ಲ ವಿಷಯಗಳ ಶಿಕ್ಷಕರನ್ನೂ ಒಂದೇ ಕೊಠಡಿಯಲ್ಲಿ ಕೂರಿಸಿ ಒಂದೇ ತಂತ್ರಾಂಶದ ಮೆನುಗಳನ್ನು ವಿವರಿಸತೊಡಗುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಗಣಿತದವರ ಕಗ್ಗಂಟು ಇತಿಹಾಸದವರದಲ್ಲ.

ಗಣಿತದ್ದೇ ಒಂದು ಪ್ರಸಂಗ ನೋಡಿ. ಮಾರ್ಕುಸ್ ಹೊಹೆನ್‌ವಾರ್ಟರ್ 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಆರಂಭಿಸಿದ ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶ ಇಂದು ಜಗತ್ತಿನಾದ್ಯಂತ ಗಣಿತ ಶಿಕ್ಷಕರ ಕೈಯಲ್ಲಿದೆ. ತ್ರಿಭುಜದ ಒಂದು ಶೃಂಗವನ್ನು ಹಿಡಿದು ಎಳೆದಂತೆಲ್ಲ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಮಕ್ಕಳು ಬೆರಗಾಗುತ್ತಾರೆ. ಆದರೆ ಪರದೆಯ ಮೇಲೆ ಕಾಣುವ ಕೋನಗಳು ಎರಡು ದಶಮಾಂಶ ಸ್ಥಾನಗಳಿಗೆ ಅಂದಾಜು ಮಾಡಿದವುಗಳಾದ್ದರಿಂದ, 59.33, 60.33, 60.33 ಎಂಬ ಮೂರು ಸಂಖ್ಯೆಗಳು ಎದುರಾಗುವ ದಿನ ಬಂದೇ ಬರುತ್ತದೆ. ಕೂಡಿ ನೋಡುವ ಚುರುಕು ಹುಡುಗಿಯೊಬ್ಬಳು ಇದು 179.99 ಆಯಿತಲ್ಲ ಎಂದು ಕೇಳುತ್ತಾಳೆ. ಅದಕ್ಕೆ ಸಿದ್ಧರಾಗಿರದ ಶಿಕ್ಷಕರು ಕಂಪ್ಯೂಟರಿನ ದೋಷ ಎಂದು ಹೇಳಿ ಮುಂದೆ ಸಾಗಿದರೆ ಒಂದು ಒಳ್ಳೆಯ ಪಾಠ ಕೈತಪ್ಪುತ್ತದೆ. ಸಿದ್ಧರಾಗಿದ್ದವರು ಅಳತೆಗೂ ಸಾಧನೆಗೂ ಇರುವ ವ್ಯತ್ಯಾಸವನ್ನು, ಸಾವಿರ ತ್ರಿಭುಜಗಳನ್ನು ಎಳೆದು ನೋಡಿದರೂ ಅದು ಪ್ರಮೇಯದ ಸಾಧನೆಯಾಗುವುದಿಲ್ಲ ಎಂಬುದನ್ನು, ಆ ಪ್ರಶ್ನೆಯ ಬೆನ್ನಿಗೇ ಕಲಿಸಬಲ್ಲರು. ಆ ಪ್ರಶ್ನೆಯನ್ನು ಮೊದಲ ಸಲ ಕೇಳಬೇಕಾದ ಜಾಗ ತರಬೇತಿಯ ಕೊಠಡಿ.

ಯಂತ್ರಗಳನ್ನು ಕೊಟ್ಟರೆ ಉಳಿದದ್ದು ತಾನಾಗಿಯೇ ನಡೆಯುತ್ತದೆ ಎಂಬ ನಂಬಿಕೆಗೆ ದೊಡ್ಡ ಬೆಲೆ ತೆತ್ತ ಅನುಭವಗಳು ನಮ್ಮ ಮುಂದಿವೆ. ಪೆರು ದೇಶವು ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಯಲ್ಲಿ ಲಕ್ಷಾಂತರ ಯಂತ್ರಗಳನ್ನು ಹಂಚಿತು. 319 ಗ್ರಾಮೀಣ ಶಾಲೆಗಳನ್ನು ಅಧ್ಯಯನ ಮಾಡಿದ ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ವಿದ್ಯಾರ್ಥಿಯೊಬ್ಬರಿಗೆ 0.12 ಇದ್ದ ಕಂಪ್ಯೂಟರುಗಳ ಪ್ರಮಾಣ 1.18ಕ್ಕೆ ಏರಿದರೂ ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ಪರಿಣಾಮ ಕಾಣಲಿಲ್ಲ. ಸಾಮಾನ್ಯ ಗ್ರಹಣಶಕ್ತಿಯ ಪರೀಕ್ಷೆಗಳಲ್ಲಿ ಮಾತ್ರ ಕೆಲಮಟ್ಟಿನ ಸುಧಾರಣೆ ಕಂಡಿತು. ಯಂತ್ರಗಳಿಗೆ ಕೊರತೆಯೇ ಇರದ ಅಮೆರಿಕದ ಸಿಲಿಕಾನ್ ಕಣಿವೆಯ ಶಾಲೆಗಳನ್ನು ಸ್ಟ್ಯಾನ್‌ಫರ್ಡ್‌ನ ಲ್ಯಾರಿ ಕ್ಯೂಬನ್ 1990ರ ದಶಕದ ಕೊನೆಯಲ್ಲಿ ಹೊಕ್ಕು ನೋಡಿದಾಗಲೂ, ಹೆಚ್ಚಿನ ಶಿಕ್ಷಕರು ತಮ್ಮ ಹಳೆಯ ಬೋಧನಾ ಕ್ರಮವನ್ನೇ ಉಳಿಸಿಕೊಂಡಿದ್ದರು. ಬ್ರಿಟನ್ ತರಬೇತಿಗೇ ಹಣ ಹಾಕಿತು. 1999ರಿಂದ ಕೆಲವು ವರ್ಷಗಳ ಕಾಲ ಲಾಟರಿ ನಿಧಿಯಿಂದ 23 ಕೋಟಿ ಪೌಂಡ್ ವೆಚ್ಚದಲ್ಲಿ ಸೇವೆಯಲ್ಲಿದ್ದ ಶಿಕ್ಷಕರಿಗೆಲ್ಲ ತರಬೇತಿ ಕೊಡಲು ಹೊರಟಿತು. ಆದರೆ ಶಿಕ್ಷಕರು ಬಹುಪಾಲು ತಮ್ಮ ಸ್ವಂತ ಸಮಯದಲ್ಲಿ ಅದನ್ನು ಮುಗಿಸಬೇಕಿತ್ತು, ಮತ್ತು ಪಾಠಸಾಮಗ್ರಿ ತಮ್ಮ ತರಗತಿಯ ಅಗತ್ಯಕ್ಕೆ ಹೊಂದುತ್ತಿಲ್ಲ ಎಂಬ ದೂರು ವ್ಯಾಪಕವಾಗಿ ಕೇಳಿಬಂತು. ಈ ಮೂರೂ ಕಡೆ ಶಿಕ್ಷಕರನ್ನು ದೂಷಿಸುವುದು ಸುಲಭ. ನಾನು ದೂಷಿಸುವುದಿಲ್ಲ, ಏಕೆಂದರೆ ಅವರ ಮುಂದೆ ಇಟ್ಟದ್ದು ಅವರ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

ಶಿಬಿರದ ಕೊಠಡಿಯೊಳಗೆ ನಡೆಯುವ ಸಣ್ಣ ಸಂಗತಿಗಳೂ ಮುಖ್ಯವೇ. ಒಂದು ಕಂಪ್ಯೂಟರಿಗೆ ಇಬ್ಬರು ಕುಳಿತರೆ, ಮೊದಲೇ ತಿಳಿದವರ ಕೈಯಲ್ಲಿ ಮೌಸ್ ಉಳಿದು, ಕಲಿಯಲು ಬಂದವರು ನೋಡುತ್ತಾ ಕೂರುತ್ತಾರೆ; ತಡವರಿಸುತ್ತಿರುವವರ ಕೈಯಿಂದ ತರಬೇತುದಾರರೇ ಮೌಸ್ ಕಿತ್ತುಕೊಂಡು ಎರಡು ಕ್ಲಿಕ್‌ನಲ್ಲಿ ಕೆಲಸ ಮುಗಿಸಿಕೊಟ್ಟರಂತೂ ಅವರು ಕಲಿಯುವುದು ತಮ್ಮ ಅಸಹಾಯಕತೆಯನ್ನು ಮಾತ್ರ. ಕಲಿಯುವವರ ಮೌಸನ್ನು ಮುಟ್ಟಬಾರದು ಎಂಬುದನ್ನು ತರಬೇತುದಾರರು ವ್ರತದಂತೆ ಪಾಲಿಸಬೇಕು. ಹಿರಿಯ ಶಿಕ್ಷಕರಲ್ಲಿ ಇರುವ ಹಿಂಜರಿಕೆಯನ್ನು ಸೋಮಾರಿತನವೆಂದು ಕರೆಯುವುದೂ ಅನ್ಯಾಯ. ಹತ್ತಾರು ವರ್ಷ ತರಗತಿಯಲ್ಲಿ ಎಲ್ಲವನ್ನೂ ಬಲ್ಲವರಾಗಿ ನಿಂತವರಿಗೆ, ತಮಗಿಂತ ಚುರುಕಾಗಿ ಬೆರಳಾಡಿಸುವ ಮಕ್ಕಳೆದುರು ತಡಕಾಡುವುದೆಂದರೆ ಮರ್ಯಾದೆಯ ಪ್ರಶ್ನೆ. ಗುಂಡಿ ಒತ್ತುವುದು ಮಕ್ಕಳಿಗೆ ಗೊತ್ತಿರಬಹುದು, ಏನನ್ನು ಏಕೆ ನೋಡಬೇಕೆಂಬುದು ತಮಗೆ ಮಾತ್ರ ಗೊತ್ತು ಎಂಬ ಭರವಸೆ ಅವರಿಗೆ ಸಿಕ್ಕರೆ, ಮೌಸನ್ನು ವಿದ್ಯಾರ್ಥಿಯ ಕೈಗೆ ಕೊಟ್ಟು ಪಾಠವನ್ನು ತಾವು ನಡೆಸಲು ಅವರೇ ಮುಂದಾಗುತ್ತಾರೆ.

ಇನ್ನು ಸೌಕರ್ಯದ ಮಾತು. ತರಬೇತಿ ಕೇಂದ್ರದಲ್ಲಿ ವೇಗದ ಇಂಟರ್ನೆಟ್ ಇರುತ್ತದೆ, ಶಾಲೆಯಲ್ಲಿ ಇರುವುದು ಒಂದು ಪ್ರೊಜೆಕ್ಟರ್, ಅದೂ ಮೂರು ತರಗತಿಗಳಿಗೆ ಹಂಚಿಹೋದದ್ದು. ಹಾಗಿರುವಾಗ ಒಂದೇ ಪರದೆ ಇರುವ ತರಗತಿಗೆಂದೇ ಶಿಕ್ಷಕರನ್ನು ಅಣಿಗೊಳಿಸಬೇಕು. ವಿಜ್ಞಾನ ಬೋಧನೆಯಲ್ಲಿ ಬಳಕೆಯಲ್ಲಿರುವ ಊಹಿಸು, ನೋಡು, ವಿವರಿಸು ಎಂಬ ಕ್ರಮ ಇಂಥಲ್ಲಿ ಸೊಗಸಾಗಿ ಒದಗುತ್ತದೆ: ಪರದೆಯ ಮೇಲೆ ಏನಾಗುತ್ತದೆಂಬುದನ್ನು ಪ್ರತಿ ಮಗುವೂ ಮೊದಲೇ ಪುಸ್ತಕದಲ್ಲಿ ಬರೆದಿಡಬೇಕು, ಆಮೇಲೆ ಎಲ್ಲರೂ ಒಟ್ಟಿಗೆ ನೋಡಬೇಕು, ಊಹೆ ಮತ್ತು ನೋಟ ಏಕೆ ಹೊಂದಲಿಲ್ಲ ಎಂಬುದನ್ನು ಜೊತೆಯವರೊಂದಿಗೆ ಚರ್ಚಿಸಬೇಕು. ಇಂಟರ್ನೆಟ್ ಇಲ್ಲದೆ ಓಡುವಂತೆ ಫೈಲುಗಳನ್ನು ಮೊದಲೇ ಇಳಿಸಿಕೊಳ್ಳುವುದನ್ನೂ, ವಿದ್ಯುತ್ ಹೋದರೆ ಪಾಠವನ್ನು ಹೇಗೆ ಮುಂದುವರಿಸುವುದು ಎಂಬುದನ್ನೂ ತರಬೇತಿಯೇ ಕಲಿಸಬೇಕು.

ಶಿಬಿರದ ನಂತರದ ತಿಂಗಳುಗಳ ವಿಚಾರದಲ್ಲಿ ನಾವು ತೋರುವ ಅಲಕ್ಷ್ಯ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಉಪನ್ಯಾಸ ಮತ್ತು ಪ್ರಾತ್ಯಕ್ಷಿಕೆಗಳಿಂದ ತಿಳಿವಳಿಕೆ ಹೆಚ್ಚಬಹುದು, ಆದರೆ ಅದು ತರಗತಿಯ ಅಭ್ಯಾಸವಾಗಿ ಬೇರೂರಲು ಜೊತೆಗಿದ್ದು ಮಾರ್ಗದರ್ಶನ ಮಾಡುವವರು ಬೇಕೆಂದು ಅಮೆರಿಕದ ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಿಂದಲೇ ಹೇಳುತ್ತಾ ಬಂದರು. 2018ರಲ್ಲಿ ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಂಗಡಿಗರು ಇಂಥ ಮಾರ್ಗದರ್ಶನದ ಕುರಿತ 60 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬೋಧನೆಯ ಗುಣಮಟ್ಟದ ಮೇಲೂ ಮಕ್ಕಳ ಕಲಿಕೆಯ ಮೇಲೂ ಅದರ ಪರಿಣಾಮ ಕಂಡುಬಂತು. ಆದರೆ ಕಾರ್ಯಕ್ರಮ ದೊಡ್ಡದಾದಷ್ಟೂ ಪರಿಣಾಮ ಕುಗ್ಗುತ್ತಿತ್ತು. ಆ ಅಧ್ಯಯನಗಳು ಕಂಪ್ಯೂಟರಿಗೇ ಸೀಮಿತವಾದವಲ್ಲ, ಆದರೂ ಸಾವಿರಾರು ಜನರಿಗೆ ಒಮ್ಮೆಗೇ ತರಬೇತಿ ಕೊಟ್ಟೆವೆಂದು ಸಂಭ್ರಮಿಸುವವರು ಅದರ ಎರಡನೆಯ ಭಾಗವನ್ನು ಗಮನಿಸಬೇಕು. ಹೊರಗಿನಿಂದ ತಜ್ಞರು ಬರಲಾಗದಿದ್ದರೆ ಒಂದೇ ಶಾಲೆಯ ಇಬ್ಬರು ಶಿಕ್ಷಕರು ಸಾಕು. ಜಪಾನಿನ ಶಿಕ್ಷಕರು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ರೂಢಿಸಿಕೊಂಡಿರುವಂತೆ, ಇಬ್ಬರೂ ಸೇರಿ ಒಂದು ಪಾಠವನ್ನು ಯೋಜಿಸಿ, ಒಬ್ಬರು ಬೋಧಿಸುವಾಗ ಇನ್ನೊಬ್ಬರು ಹಿಂದೆ ಕುಳಿತು ಮಕ್ಕಳನ್ನು ಗಮನಿಸಿ, ಬಳಿಕ ಪಾಠವನ್ನು ತಿದ್ದಬಹುದು. ಇದಕ್ಕೆ ಬೇಕಾದದ್ದು ವೇಳಾಪಟ್ಟಿಯಲ್ಲಿ ಇಬ್ಬರಿಗೂ ಒಟ್ಟಿಗೆ ಬಿಡುವಿನ ಒಂದು ಅವಧಿ. ಅದನ್ನು ಕೊಡಬಲ್ಲವರು ಮುಖ್ಯೋಪಾಧ್ಯಾಯರು, ಹಾಗಾಗಿ ಅವರನ್ನೂ ತರಬೇತಿಯಲ್ಲಿ ಕೂರಿಸಬೇಕು.

ತಾಳ್ಮೆಯೂ ಬೇಕು. ಆಪಲ್ ಕಂಪನಿ 1985ರಲ್ಲಿ ಆರಂಭಿಸಿದ ಭವಿಷ್ಯದ ತರಗತಿಗಳ ಯೋಜನೆಯಲ್ಲಿ ಪ್ರತಿ ಮಗುವಿಗೂ ಶಿಕ್ಷಕರಿಗೂ ಶಾಲೆಗೊಂದು ಮನೆಗೊಂದರಂತೆ ಎರಡು ಕಂಪ್ಯೂಟರುಗಳನ್ನು ಕೊಟ್ಟಿದ್ದರು. ಅಷ್ಟೆಲ್ಲ ಇದ್ದೂ ಶಿಕ್ಷಕರು ಪ್ರವೇಶ, ಸ್ವೀಕಾರ, ಹೊಂದಾಣಿಕೆ, ತಮ್ಮದಾಗಿಸಿಕೊಳ್ಳುವಿಕೆ, ಹೊಸ ಸೃಷ್ಟಿ ಎಂಬ ಐದು ಹಂತಗಳನ್ನು ವರ್ಷಗಳ ಅವಧಿಯಲ್ಲಿ ದಾಟಿದರೆಂದು ಸಂಶೋಧಕರು ಬರೆದರು. ಮೊದಲ ಹಂತಗಳಲ್ಲಿ ಅವರು ಹೊಸ ಯಂತ್ರದಿಂದ ಹಳೆಯ ಪಾಠವನ್ನೇ ಮಾಡಿದರು. ಅದನ್ನು ಸೋಲೆಂದು ಬಗೆಯದೆ ದಾರಿಯ ಒಂದು ಭಾಗವೆಂದು ಕಾಣುವವರೇ ತರಬೇತಿಯನ್ನು ಯೋಜಿಸಬೇಕು.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಶಿಬಿರಗಳ ವೇಳಾಪಟ್ಟಿಗೆ ಇನ್ನೊಂದು ಸಾಲು ಸೇರಿದೆ, ಮತ್ತೆ ಅದೇ ರೀತಿಯಲ್ಲಿ: ಖಾತೆ ತೆರೆಯುವುದು, ಪ್ರಶ್ನೆ ಬರೆಯುವುದು, ಉತ್ತರ ನಕಲಿಸುವುದು. ವಿಜ್ಞಾನ ಶಿಕ್ಷಕರ ಗುಂಪೊಂದಕ್ಕೆ ಅದರಿಂದ ವಿದ್ಯುತ್ ಮಂಡಲದ ಹತ್ತು ಪ್ರಶ್ನೆಗಳನ್ನು ಬರೆಸಲು ಹೇಳಿ, ಪ್ರವಾಹ ಬಳಕೆಯಾಗಿ ಮುಗಿಯುತ್ತದೆಂದು ನಂಬಿದ ಮಗುವೂ ಸರಿಯುತ್ತರ ಬರೆದುಬಿಡಬಹುದಾದ ಪ್ರಶ್ನೆಗಳು ಅವುಗಳಲ್ಲಿ ಯಾವುವೆಂದು ಹುಡುಕಿಸಿದರೆ, ಆ ಉಪಕರಣದ ಬಲವೂ ಮಿತಿಯೂ ಒಂದೇ ಅವಧಿಯಲ್ಲಿ ತಿಳಿಯುತ್ತವೆ. ಮಕ್ಕಳ ಹೆಸರು, ಅಂಕ, ಭಾವಚಿತ್ರಗಳನ್ನು ಇಂಥ ಸೇವೆಗಳಿಗೆ ಒಪ್ಪಿಸಬಾರದೆಂಬ ಎಚ್ಚರಿಕೆಯನ್ನೂ ಆಗಲೇ ಕೊಡಬೇಕು.

ಕೊನೆಯದಾಗಿ, ತರಬೇತಿಯ ಫಲವನ್ನು ಅಳೆಯುವ ಬಗೆ ಬದಲಾಗಬೇಕು. ಹಾಜರಿಪಟ್ಟಿಯೂ ಶಿಬಿರದ ಕೊನೆಯ ಗಂಟೆಯ ಅಭಿಪ್ರಾಯ ಪತ್ರವೂ ಹೇಳುವುದು ಎಷ್ಟು ಜನ ಬಂದರು, ಸಂತೋಷಪಟ್ಟರೇ ಎಂಬುದನ್ನಷ್ಟೇ. ಮೂರು ತಿಂಗಳ ನಂತರ ಪ್ರತಿ ಶಿಕ್ಷಕರಿಂದ ಒಂದು ಪುಟ ಕೇಳೋಣ: ಯಾವ ಪಾಠದಲ್ಲಿ ಬಳಸಿದಿರಿ, ಮಕ್ಕಳು ಮೊದಲು ಏನೆಂದು ಊಹಿಸಿದ್ದರು, ನೋಡಿದ ಮೇಲೆ ಏನೆಂದರು, ಯಾವುದು ಕೈಕೊಟ್ಟಿತು, ಮುಂದಿನ ಸಲ ಏನನ್ನು ಬದಲಿಸುತ್ತೀರಿ. ಮುಂದಿನ ಶಿಬಿರದ ವೇಳಾಪಟ್ಟಿಯನ್ನು ಆ ಪುಟಗಳನ್ನು ಓದಿ ಮುಗಿಸಿದ ಮೇಲೆಯೇ ಬರೆಯೋಣ.